ದೂರದ ಇಂಗ್ಲಿಷು

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿದೆಯಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಖುಷಿಯಾಯಿತು. ನಿನ್ನ ಇಂಗ್ಲಿಷಿಗೇನೂ ಕೊರತೆಯಿಲ್ಲ. ಆದರೆ ದೂರದ ಮಾತು ಬಂದಾಗ ನಮ್ಮವರು ಬಹಳ ಮಂದಿ ಎಡವುತ್ತಾರೆ. ಅದೊಂದನ್ನು ಹೇಳಿಬಿಡುತ್ತೇನೆ. ದೊಡ್ಡಪ್ಪನ ಮೇಷ್ಟ್ರುಗಿರಿ ಇನ್ನೂ ಹೋಗಿಲ್ಲ ಅಂತ ನಗಬೇಡ.

'ಮೈ ರೂಮ್ ಈಸ್ ಟೂ ಮೈಲ್ಸ್ ಫಾರ್' ಅನ್ನಬೇಡ. ಲೆಕ್ಕ ಹೇಳಿದ ಮೇಲೆ 'ಅವೇ' ಬರಬೇಕು: 'ಟೂ ಮೈಲ್ಸ್ ಅವೇ'. 'ಫಾರ್' ಜಾಸ್ತಿ ಬರುವುದು ಕೇಳುವಾಗ, ಇಲ್ಲವೆನ್ನುವಾಗ. 'ಈಸ್ ಇಟ್ ಫಾರ್?' 'ನೋ, ಇಟ್ಸ್ ನಾಟ್ ಫಾರ್.' ಹೌದು, ದೂರವೇ ಅನ್ನಬೇಕಾದರೆ 'ಇಟ್ಸ್ ಎ ಲಾಂಗ್ ವೇ' ಅನ್ನುತ್ತಾರೆ.

ಅಲ್ಲಿ ರಸ್ತೆ ಬೋರ್ಡುಗಳಲ್ಲಿ ಇನ್ನೂ ಮೈಲಿ, ಗಜಗಳೇ. ಒಂದು ಮೈಲಿ ಅಂದರೆ ಸುಮಾರು 1.6 ಕಿಲೋಮೀಟರ್. ಮೋಟಾರ್‌ವೇ, ಅಂದರೆ ಅಲ್ಲಿಯ ದೊಡ್ಡ ಹೆದ್ದಾರಿಯ ಬೋರ್ಡಿನಲ್ಲಿ ½ ಬರೆದು ಪಕ್ಕದಲ್ಲಿ 'ಎಂ' ಹಾಕಿದ್ದರೆ ಅರ್ಧ ಮೈಲಿ. ಅದೇ 'ಎಂ' ತಗ್ಗು ಸೇತುವೆಯ ಎತ್ತರದ ಬೋರ್ಡಿನಲ್ಲಿದ್ದರೆ ಮೀಟರು! ಜನ ಮಾತಾಡುವಾಗ ಇದೆಲ್ಲ ಬಿಟ್ಟು ಹೊತ್ತಿನಲ್ಲೇ ಹೇಳುತ್ತಾರೆ, 'ಎ ಟೆನ್‌ಮಿನಿಟ್ ವಾಕ್' ಅಂತ. 'ಜಸ್ಟ್ ಡೌನ್ ದ ರೋಡ್' ಅಂದರೆ ಮಾತ್ರ ಪೂರ್ತಿ ನಂಬಬೇಡ. ನಮ್ಮೂರಿನವರ 'ಇಲ್ಲೇ, ಕೂಗಳತೆ' ಇದ್ದ ಹಾಗೆ ಅದು.

ನಿಜವಾಗಿ ಹುಷಾರಾಗಿರಬೇಕಾದ್ದು ರಸ್ತೆಯಲ್ಲಲ್ಲ, ಆಫೀಸಿನಲ್ಲಿ. ಮೀಟಿಂಗ್‌ನಲ್ಲಿ ನಿನ್ನ ರಿಪೋರ್ಟ್ 'ಫಾರ್ ಫ್ರಮ್ ರೆಡಿ' ಅಂದರೆ ಸ್ವಲ್ಪ ಬಾಕಿ ಅಂತಲ್ಲ, ಬೇಕಾದಷ್ಟು ಕೆಲಸ ಇದೆ ಅಂತ. ಎರಡು ಕಡೆಯವರು 'ಮೈಲ್ಸ್ ಅಪಾರ್ಟ್' ಅಂದರೆ ರೇಟಿನ ಮಾತು ಸದ್ಯಕ್ಕೆ ಕುದುರುವುದಿಲ್ಲ. 'ದಟ್ಸ್ ಗೋಯಿಂಗ್ ಟೂ ಫಾರ್' ಅನ್ನುವುದು ಅತಿಯಾಯಿತು ಅನ್ನುವ ಬೈಗುಳ. 'ಶೀ ವಿಲ್ ಗೋ ಫಾರ್' ಅಂದರೋ, ಹೊಗಳಿಕೆ! ನಿನ್ನನ್ನು ಎಲ್ಲಿಗೋ ವರ್ಗ ಮಾಡುತ್ತಾರೆ ಅಂತ ಹೆದರಬೇಡ. ಯಾವುದಾದರೂ ವಿಷಯ ಖಾತ್ರಿಯಿಲ್ಲದಿದ್ದಾಗ 'ಆಸ್ ಫಾರ್ ಆಸ್ ಐ ನೋ' ಅಂತ ಶುರು ಮಾಡು. ಆಮೇಲೆ ಅದು ತಪ್ಪಾದರೂ ಯಾರೂ ನಿನ್ನ ಕುತ್ತಿಗೆಗೆ ಬರುವುದಿಲ್ಲ.

ಇನ್ನು ಜನರ ವಿಷಯ. 'ಡಿಸ್ಟೆಂಟ್ ಕಸಿನ್' ಅಂದರೆ ಬರೀ ದೂರದ ನಂಟ, ಅದರಲ್ಲಿ ಬೇಸರವಿಲ್ಲ. 'ಯೂ ಸೀಮ್ ಎ ಬಿಟ್ ಡಿಸ್ಟೆಂಟ್' ಅಂತ ಗೆಳತಿ ಅಂದರೆ ಬೇರೆ. ಯಾಕೋ ಮುಖ ಕೊಟ್ಟು ಮಾತಾಡುತ್ತಿಲ್ಲವಲ್ಲ ಅಂತ ಅವಳಿಗೆ ಅನ್ನಿಸಿದೆ. ಅಲ್ಲಿಯವರು ಇಂಥದ್ದನ್ನು ಮೆಲ್ಲಗೆ ಒಂದು ಸಲ ಹೇಳಿ ಸುಮ್ಮನಾಗುತ್ತಾರೆ, ನಮ್ಮ ಹಾಗೆ ಜಗಳ ತೆಗೆಯುವುದಿಲ್ಲ. ಹಾಗಾಗಿ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡ, ಏನಾಯ್ತು ಅಂತ ಕೇಳು. ಬರೀ ಯೋಚನೆಯಲ್ಲಿ ಮುಳುಗಿದ್ದರೆ 'ಸಾರಿ, ಐ ವಾಸ್ ಮೈಲ್ಸ್ ಅವೇ' ಅಂದರೆ ಸಾಕು, ನಗುತ್ತಾರೆ.

ರೂಮಿನಿಂದ ಆಫೀಸ್ ಎಷ್ಟು ದೂರ ಅಂತ ನೀನು ಬರೆದೇ ಇಲ್ಲ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ನಡೆದು ಬರುತ್ತೀಯೋ, ಬಸ್ಸೋ? ನಿಮ್ಮ ದೊಡ್ಡಮ್ಮ ದಿನಾ ಕೇಳುತ್ತಾಳೆ.

ಇಂತಿ,
ನಿನ್ನ ದೊಡ್ಡಪ್ಪ