ಕೇಳಿಸಿಕೊಳ್ಳುವುದನ್ನು ಕಲಿಸಿದವರಿಗೆ

ಕಳೆದ ವಾರ ನನ್ನ ಎಂ.ಎಸ್ಸಿ. ಸರ್ಟಿಫಿಕೇಟ್ ಕೈಗೆ ಬಂತು. ಕೌನ್ಸೆಲಿಂಗ್ ಸೈಕಾಲಜಿ. ಬೆಂಗಳೂರಿನಿಂದ ಸಂಡೂರಿಗೆ ತಗೊಂಡು ಹೋಗಿ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಅಪ್ಪನ ಫೋಟೋ ಮುಂದೆ ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು. "ಇಷ್ಟೆಲ್ಲ ಕಲಿಸಿದೋರು ಯಾರವ್ವ? ಅವರಿಗೆ ಹೇಳಿ ಬಂದ್ಯಾ?"

ಹೇಳಿರಲಿಲ್ಲ. ಕೊನೆಯ ವೈವಾ ಮುಗಿದ ದಿನ ಗಂಟಲು ಕಟ್ಟಿತ್ತು. "ಬರ್ತೀನಿ ಮೇಡಂ, ಬರ್ತೀನಿ ಸರ್" ಅಂದು ಮೆಟ್ಟಿಲು ಇಳಿದುಬಿಟ್ಟೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಈ ಕೋರ್ಸಿಗೆ ಸೇರಿದಾಗ ನನಗೆ 34 ವರ್ಷ. ಅದಕ್ಕೂ ಮುಂಚೆ ಹತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಒಂದು ಸಲ ನನ್ನ ಕ್ಲಾಸಿನ ಒಂದು ಮಗು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿತು. ನಾನು ಧೈರ್ಯ ಹೇಳಿದೆ, ಬುದ್ಧಿ ಹೇಳಿದೆ, ಕಥೆ ಹೇಳಿದೆ. ಮಗು ತಲೆ ಬಗ್ಗಿಸಿಕೊಂಡೇ ಇತ್ತು. ಹೇಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಕೇಳುವುದು ಬರುತ್ತಿರಲಿಲ್ಲ. ಆ ವರ್ಷವೇ ಅರ್ಜಿ ಹಾಕಿದೆ. ಬಿ.ಎ.ಯಲ್ಲಿ ಸೈಕಾಲಜಿ ಓದಿದ್ದು ಆಗ ಕೈ ಹಿಡಿಯಿತು.

ಕ್ಲಾಸಿನಲ್ಲಿ ಉಳಿದವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು. ಪಾಠ, ಪುಸ್ತಕ, ಚರ್ಚೆ ಎಲ್ಲ ಇಂಗ್ಲಿಷ್. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಮೊದಲ ಒಂದು ತಿಂಗಳು ಹಾಜರಿ ಕೂಗಿದಾಗ ಬಿಟ್ಟರೆ ನನ್ನ ಬಾಯಿಂದ ಬೇರೆ ಮಾತೇ ಬಂದಿಲ್ಲ.

ಥಿಯರಿ ತಗೊಳ್ಳುತ್ತಿದ್ದ ಸರ್ ಅದನ್ನು ಗಮನಿಸಿದ್ದರು ಅಂತ ಈಗ ಅನಿಸುತ್ತದೆ. ಅವತ್ತು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪಾಠ. ರೋಜರ್ಸ್ 1957ರಲ್ಲಿ ಒಂದು ಲೇಖನ ಬರೆದರು. ಮನುಷ್ಯ ಒಳಗಿನಿಂದ ಬದಲಾಗಲು ಆರು ಷರತ್ತು ಬೇಕು, ಅಷ್ಟಿದ್ದರೆ ಸಾಕು ಅನ್ನುವುದು ಅದರ ವಾದ. ಆ ಆರರಲ್ಲಿ ಮೂರು ಕೌನ್ಸೆಲರ್ ಹೊರಬೇಕಾದ ಹೊಣೆ. ಒಳಗೊಂದು ಹೊರಗೊಂದು ಇರಬಾರದು. ಎದುರಿಗೆ ಕೂತವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು. ಅವರ ಲೋಕವನ್ನು ಅವರ ಕಣ್ಣಿನಿಂದ ನೋಡಬೇಕು. ಪರೀಕ್ಷೆಗೆ ಇಷ್ಟು ಬರೆದರೆ ಮಾರ್ಕ್ಸ್ ಬರುತ್ತದೆ. ಸರ್ ಅಲ್ಲಿಗೆ ನಿಲ್ಲಿಸಲಿಲ್ಲ. "ಎರಡನೆಯದನ್ನು ಕನ್ನಡದಲ್ಲಿ ಹೇಳಿ. ನಿಮ್ಮ ಅಜ್ಜಿಗೆ ಅರ್ಥ ಆಗಬೇಕು" ಅಂದರು.

ಒಬ್ಬ ಹುಡುಗ ಪಾಪ, ಕಷ್ಟಪಟ್ಟು ಸಂಸ್ಕೃತದ ಮೂರು ಪದ ಜೋಡಿಸಿದ. ಸರ್ ತಲೆ ಆಡಿಸಿ ನನ್ನ ಕಡೆ ನೋಡಿದರು. ನನಗೆ ಅಜ್ಜಿಯ ಪಡಸಾಲೆ ಕಣ್ಣ ಮುಂದೆ ಬಂತು. "ಹೆಂಗಿದ್ರೂ ನಮ್ಮೋರು ಅಂತ ಕರೆದು ಕುಂದ್ರಿಸ್ಕೊಳ್ಳೋದು ಸರ್" ಅಂದೆ.

ಅವರು ಏನೂ ಹೇಳಲಿಲ್ಲ. ಬೋರ್ಡಿನ ಕಡೆ ತಿರುಗಿ ಆ ಮಾತನ್ನು ಹಾಗೇ ಬರೆದರು. "ಕುಂದ್ರಿಸ್ಕೊಳ್ಳೋದು" ಅಂತಲೇ ಬರೆದರು, ತಿದ್ದಲಿಲ್ಲ. ಪಕ್ಕದಲ್ಲಿ ರೋಜರ್ಸ್ ಇಂಗ್ಲಿಷಿನಲ್ಲಿ ಹೇಳಿದ್ದು ಇತ್ತು. ಎರಡೂ ಒಂದೇ ಎತ್ತರದ ಅಕ್ಷರ. ಆ ಬೋರ್ಡು ನನಗೆ ಇವತ್ತಿಗೂ ಕಾಣುತ್ತದೆ. ಸರ್, ಅವತ್ತಿನಿಂದ ನಾನು ಕ್ಲಾಸಿನಲ್ಲಿ ಮಾತಾಡಿದೆ. ನಿಮಗೆ ಇದು ನೆನಪಿದೆಯೋ ಇಲ್ಲವೋ.

ಸ್ಕಿಲ್ಸ್ ಪೇಪರಿನ ಮೇಡಂ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ನಾಳೆ ನಿಮ್ಮ ಮುಂದೆ ಕೂರುವವರು "ನನಗೆ ಆಂಗ್ಸೈಟಿ" ಅಂತ ಹೇಳಿಕೊಂಡು ಬರಲ್ಲ, ಅವರು ಏನಂತಾರೆ ಅಂತ ಬರೆದುಕೊಂಡು ಬನ್ನಿ ಅಂದರು. ಎಲ್ಲರೂ ಒಂದೊಂದು ನೋಟ್‌ಬುಕ್ ಇಟ್ಟೆವು. ಮನೆಯಲ್ಲಿ, ಬಸ್ಸಿನಲ್ಲಿ, ಪಿ.ಜಿ.ಯ ಅಡುಗೆಯ ಅಕ್ಕನ ಹತ್ತಿರ ಕೇಳಿದ್ದನ್ನೆಲ್ಲ ಬರೆದುಕೊಂಡೆವು. ತಳಮಳ, ಕಸಿವಿಸಿ, ಕಳವಳ, ಅಳುಕು, ದುಗುಡ, ಬೇಗುದಿ, ಹಳಹಳಿ. ಎದೆ ಭಾರ. ಹೊಟ್ಟೆಯಲ್ಲಿ ಸಂಕಟ. ಕೈಕಾಲು ಸೋತ ಹಾಗೆ. ಜೀವಕ್ಕೆ ಸಮಾಧಾನ ಇಲ್ಲ. ಒಂದು ಇಂಗ್ಲಿಷ್ ಪದದ ಹಿಂದೆ ಎಷ್ಟು ಕನ್ನಡ ನಿಂತಿತ್ತು ನೋಡಿ.

"ಬ್ಯಾಸರ" ಅನ್ನುವ ಮಾತಿನ ಮೇಲೆ ಒಂದು ಪೂರ್ತಿ ಗಂಟೆ ಹೋಯಿತು. ಬೆಂಗಳೂರಿನ ಹುಡುಗಿಗೆ ಬೇಜಾರು ಅಂದರೆ ಟೈಮ್ ಹೋಗದೇ ಇರುವುದು. ಇಲ್ಲವೇ ಯಾರ ಮೇಲೋ ಸಣ್ಣ ಮುನಿಸು. ನಮ್ಮ ಕಡೆ ವಯಸ್ಸಾದವರು "ಜೀವಕ್ಕೆ ಬ್ಯಾಸರ ಆಗೈತಿ" ಅಂದರೆ ಅದು ಸಣ್ಣ ಮಾತಲ್ಲ. ಬದುಕೇ ಸಾಕು ಅನಿಸಿದೆ ಅಂತಲೂ ಇರಬಹುದು. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು: "ಹಾಗಾದ್ರೆ ಒಬ್ಬರು ಬ್ಯಾಸರ ಅಂದಾಗ ನೀವು ಏನು ಮಾಡ್ತೀರಿ?" ನಾವು ಸುಮ್ಮನಿದ್ದೆವು. "ಗೊತ್ತು ಅಂದ್ಕೋಬೇಡಿ. ಬ್ಯಾಸರ ಅಂದ್ರೆ ಹೆಂಗೆ, ಸ್ವಲ್ಪ ಹೇಳ್ತೀರಾ ಅಂತ ಕೇಳಿ." ಅಷ್ಟೇ ಹೇಳಿದರು. ಈಗ ಪ್ರತಿ ವಾರ ನಾನು ಆ ಪ್ರಶ್ನೆ ಕೇಳುತ್ತೇನೆ.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಆಪ್ತ ಸಮಾಲೋಚನೆ ಅಂತ ಹೆಸರಿದೆ. ಮೊದಲ ಭಾಗ ಎಷ್ಟು ಚೆಂದ, ಅಲ್ವಾ? ಸಮಾಲೋಚನೆಯನ್ನು ಪುಸ್ತಕ ಓದಿ ಕಲಿಯಬಹುದು. ಆಪ್ತ ಅನ್ನುವುದನ್ನು ಯಾರಾದರೂ ನಮ್ಮ ಜೊತೆ ಹಾಗೆ ಇದ್ದು ತೋರಿಸಬೇಕು. ನನ್ನ ಟೀಚರುಗಳು ತೋರಿಸಿದರು. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಸೂಪರ್‌ವಿಷನ್ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕಲಿಯುವವರು ಕೌನ್ಸೆಲಿಂಗ್ ಮಾಡುವುದನ್ನು ಅನುಭವ ಇರುವವರು ನೋಡಿ ತಿದ್ದುವುದು ಅದು. ನಾವು ಮೂರು ಮೂರು ಜನ ಕೂತು ಅಭ್ಯಾಸ ಮಾಡುತ್ತೇವೆ. ಒಬ್ಬರು ಕೌನ್ಸೆಲರ್, ಒಬ್ಬರು ಕಷ್ಟ ಹೇಳಿಕೊಳ್ಳುವವರು, ಒಬ್ಬರು ನೋಡುವವರು. ಆಮೇಲೆ ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಬರೆಯಬೇಕು. ಅದು ವರ್ಬೇಟಿಮ್. ಎಲ್ಲಿ ಸುಮ್ಮನಾದೆವು, ಎಷ್ಟು ಹೊತ್ತು ಸುಮ್ಮನಿದ್ದೆವು ಅನ್ನುವುದನ್ನೂ ಬರೆಯಬೇಕು. ಇಪ್ಪತ್ತು ನಿಮಿಷದ ಮಾತು ಬರೆಯಲು ನನಗೆ ಇಡೀ ಭಾನುವಾರ ಬೇಕಾಗುತ್ತಿತ್ತು. ಸೂಪರ್‌ವಿಷನ್ ಮೇಡಂ ಅದನ್ನು ಸಾಲು ಸಾಲಾಗಿ ಓದುತ್ತಿದ್ದರು. ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ.

ನನ್ನ ಮೊದಲ ವರ್ಬೇಟಿಮ್ ಇನ್ನೂ ನನ್ನ ಹತ್ತಿರ ಇದೆ. ಎರಡನೇ ಪುಟದಲ್ಲಿ ನನ್ನ ಗೆಳತಿ ಅಳಲು ಶುರು ಮಾಡುತ್ತಾಳೆ. ಕೂಡಲೇ ನಾನು ಹೇಳಿದ್ದೇನೆ: "ಹಾಗೆಲ್ಲ ಅಂದ್ಕೋಬೇಡಿ, ಎಲ್ಲ ಸರಿ ಹೋಗುತ್ತೆ." ಮೇಡಂ ಆ ಸಾಲಿನ ಸುತ್ತ ಮೆಲ್ಲಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದರು: "ಈ ಮಾತು ಯಾರಿಗಾಗಿ?"

ಎರಡು ದಿನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಗೊತ್ತಿತ್ತು. ಅವಳ ಅಳುವನ್ನು ನೋಡುವುದು ನನಗೆ ಕಷ್ಟವಾಗಿತ್ತು. ಅದಕ್ಕೇ ಅವಳ ಬಾಯಿ ಮುಚ್ಚಿಸಿದ್ದೆ. ಶಾಲೆಯಲ್ಲಿ ಆ ಮಗುವಿಗೂ ಅದನ್ನೇ ಮಾಡಿದ್ದೆ.

ಎರಡನೇ ಸೆಮಿಸ್ಟರ್ ನಡುವೆ ಅಪ್ಪ ತೀರಿಕೊಂಡರು. ಹಾರ್ಟ್ ಅಟ್ಯಾಕ್. ರಾತ್ರಿ ಬಸ್ಸು ಹಿಡಿದು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನಕಾರ್ಯಗಳೆಲ್ಲ ಮುಗಿಸಿಕೊಂಡು ವಾಪಸ್ ಬಂದೆ. ಓದು ಬಿಟ್ಟುಬಿಡುವ ಮನಸ್ಸಿತ್ತು.

ವಾಪಸ್ ಬಂದ ವಾರವೇ ಫ್ಯಾಮಿಲಿ ಥೆರಪಿ ಪೇಪರಿನಲ್ಲಿ ಜೀನೋಗ್ರಾಮ್. ಅದು ಮೂರು ತಲೆಮಾರಿನ ಮನೆಯ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತೀರಿಕೊಂಡವರ ಗುರುತಿನ ಮೇಲೆ ಕತ್ತರಿಯ ಹಾಗೆ ಎರಡು ಗೆರೆ. ಅಜ್ಜನ ಚೌಕಕ್ಕೆ ಗೆರೆ ಎಳೆದೆ. ಅಜ್ಜಿಯ ವೃತ್ತಕ್ಕೆ ಎಳೆದೆ. ಅಪ್ಪನ ಚೌಕದ ಹತ್ತಿರ ಬಂದಾಗ ಕೈ ನಿಂತಿತು. ಸ್ಕೇಲು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಪಾಠ ಮಾಡುತ್ತಿದ್ದ ಮೇಡಂ ಎಲ್ಲರ ಹಾಳೆ ನೋಡಿಕೊಂಡು ಬರುತ್ತಿದ್ದರು. ನನ್ನ ಡೆಸ್ಕಿನ ಹತ್ತಿರ ಬಂದು ನಿಂತರು. ಪಕ್ಕದ ಖಾಲಿ ಕುರ್ಚಿ ಎಳೆದು ಕೂತರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನಗಷ್ಟೇ ಕೇಳಿಸುವ ಹಾಗೆ ಹೇಳಿದರು: "ಇವತ್ತೇ ಎಳೀಬೇಕು ಅಂತೇನಿಲ್ಲ."

ನನ್ನ ಹಾಳೆ ಹಾಗೇ ಉಳಿಯಿತು. ಮೂರು ವಾರ ಬಿಟ್ಟು, ಸಂಜೆ ಲೈಬ್ರರಿಯಲ್ಲಿ ಒಬ್ಬಳೇ ಕೂತು ಆ ಎರಡು ಗೆರೆ ಎಳೆದು ಕೊಟ್ಟೆ. ತಡವಾಯಿತು ಅಂತ ಅವರು ಒಂದು ಮಾತೂ ಅನ್ನಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅದೇ ದಿನಗಳಲ್ಲಿ ಸೂಪರ್‌ವಿಷನ್ ಮೇಡಂ ಹತ್ತಿರ ಹೋಗಿ "ನಿಮ್ಮ ಹತ್ತಿರವೇ ಕೌನ್ಸೆಲಿಂಗ್ ತಗೋಬೇಕು ಮೇಡಂ" ಅಂತ ಕೇಳಿದ್ದೆ. ಅವರು ಆಗುವುದಿಲ್ಲ ಅಂದರು. "ನಾನು ನಿಮಗೆ ಮಾರ್ಕ್ಸ್ ಹಾಕೋಳು. ನಿಮ್ಮ ದುಃಖವನ್ನೂ ನಾನೇ ಹಿಡ್ಕೊಂಡ್ರೆ ನೀವು ನನ್ನ ಮುಂದೆ ಬಿಚ್ಚಿ ಅಳೋಕೆ ಆಗಲ್ಲ" ಅಂದರು. ಅವತ್ತು ನೋವಾಯಿತು. ಇಷ್ಟು ಹತ್ತಿರದವರು ದೂರ ಮಾಡಿದರಲ್ಲ ಅಂತ ಅನಿಸಿತು. ಅವರು ಅಲ್ಲಿಗೇ ಬಿಡಲಿಲ್ಲ. ಕಾಲೇಜಿಗೆ ಸಂಬಂಧ ಇಲ್ಲದ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು, ಕನ್ನಡ ಬಲ್ಲವರು. ವಾರಕ್ಕೊಂದು ಸಲ ಕಾರಿಡಾರಿನಲ್ಲಿ ಸಿಕ್ಕಿ "ಊಟ ಆಯ್ತಾ?" ಅಂತ ಮಾತ್ರ ಕೇಳುತ್ತಿದ್ದರು. ಅಲ್ಲಿ ಏನು ಮಾತಾಡಿದೆ ಅಂತ ಒಂದು ದಿನವೂ ಕೇಳಲಿಲ್ಲ. ಎಥಿಕ್ಸ್ ಪಾಠದಲ್ಲಿ ಎರಡು ಸಂಬಂಧ ಬೆರೆಸಬಾರದು ಅಂತ ಓದಿದ್ದೆ. ಆ ನಿಯಮದೊಳಗೆ ಎಷ್ಟು ಕಾಳಜಿ ಇದೆ ಅನ್ನುವುದು ಗೊತ್ತಾಗಿದ್ದು ಅವರ "ಆಗಲ್ಲ" ಕೇಳಿದ ಮೇಲೆ.

ಮೂರನೇ ಸೆಮಿಸ್ಟರಿನ ಒಂದು ಮಧ್ಯಾಹ್ನ ಯಾರೂ ಮರೆಯಲಾರರು. ಜೀವ ಕಳೆದುಕೊಳ್ಳುವ ಯೋಚನೆ ಇರುವವರನ್ನು ಹೇಗೆ ಕೇಳಬೇಕು ಅನ್ನುವ ಪಾಠ. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ನಾವೆಲ್ಲ ಹೆದರಿದ್ದೆವು. ಹಾಗೆ ಆಗುವುದಿಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಹಗುರವಾಗುತ್ತದೆ ಅಂತ ಮೇಡಂ ಬಿಡಿಸಿ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಸಿದರು. "ಸಾಯಬೇಕು ಅಂತ ಅನಿಸಿದೆಯಾ?" ನನ್ನ ದನಿ ಮೊದಲ ಸಲ ನಡುಗಿತು. ಎರಡನೇ ಸಲ ಮೆತ್ತಗಾಯಿತು. "ಇನ್ನೊಂದ್ಸಲ" ಅಂದರು. ಕಣ್ಣು ತಪ್ಪಿಸದೆ, ಗಾಬರಿ ಇಲ್ಲದೆ, ಅಕ್ಕರೆಯಿಂದ ಕೇಳುವವರೆಗೂ ಬಿಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಓದಿಸಿದರು. ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತ ಕಾನೂನು ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಅನ್ನುತ್ತದೆ ಅದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಎಲ್ಲರ ಫೋನಿನಲ್ಲೂ ಸೇವ್ ಆಗಿದೆಯಾ ಅಂತ ನೋಡಿದರು. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಇದನ್ನು ಓದುವವರೂ ಸೇವ್ ಮಾಡಿಕೊಳ್ಳಿ.

ಆ ಪ್ರಶ್ನೆಯನ್ನು ನಾನು ಈ ವರ್ಷ ನಿಜವಾಗಿ ಕೇಳಿದ್ದೇನೆ. ಯಾರನ್ನು, ಎಲ್ಲಿ ಅಂತ ಹೇಳುವಂತಿಲ್ಲ. ದನಿ ನಡುಗಲಿಲ್ಲ ಮೇಡಂ. ಅಷ್ಟು ನಿಮಗೆ ತಿಳಿಸಬೇಕಿತ್ತು.

ಸಮುದಾಯ ಮಾನಸಿಕ ಆರೋಗ್ಯದ ಪಾಠದಲ್ಲಿ ಒಂದು ದಿನ ನಮ್ಮ ಬಳ್ಳಾರಿಯ ಹೆಸರು ಬಂತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಸಿಬ್ಬಂದಿಗೆ ಮನಸ್ಸಿನ ಕಾಯಿಲೆ ಗುರುತಿಸಿ ಅಲ್ಲೇ ಚಿಕಿತ್ಸೆ ಕೊಡುವುದನ್ನು ಕಲಿಸಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿಯಾಗಿದ್ದು ಬಳ್ಳಾರಿಯ ಈ ಪ್ರಯೋಗ. ಹುಟ್ಟಿ ಬೆಳೆದ ಜಿಲ್ಲೆಯ ಕಥೆ ನನಗೇ ಗೊತ್ತಿರಲಿಲ್ಲ. ಸರ್ ನನ್ನನ್ನು ನೋಡಿ "ನಿಮ್ಮೂರಿಂದ ಕಲಿತಿದ್ದು ದೇಶ" ಅಂದರು. ಓದು ಮುಗಿದ ಮೇಲೆ ಬೆಂಗಳೂರಲ್ಲೇ ಇರಬೇಕಾ, ವಾಪಸ್ ಹೋಗಬೇಕಾ ಅನ್ನುವ ನನ್ನ ಲೆಕ್ಕ ಆ ಕ್ಲಾಸಿನಲ್ಲೇ ಮುಗಿಯಿತು. ಈಗ ನಾನು ಊರಿನ ಕಡೆಯೇ ಕೆಲಸ ಮಾಡುತ್ತಿದ್ದೇನೆ, ಕಾಲೇಜು ಮಕ್ಕಳ ಜೊತೆ.

ಸ್ಟಾಟಿಸ್ಟಿಕ್ಸ್ ಸರ್‌ಗೆ ಬೇರೆ ನಮಸ್ಕಾರ. ಲೆಕ್ಕ ಬಿಟ್ಟು ಹದಿನೈದು ವರ್ಷ ಆಗಿದ್ದ ನನಗೆ ಅವರು ಸಂಜೆ ಸಂಜೆ ಕೂತು ಟಿ-ಟೆಸ್ಟ್ ಹೇಳಿಕೊಟ್ಟರು. ಪುಸ್ತಕ ವಾಪಸ್ ಕೊಡುವ ದಿನ ಮೀರಿದಾಗೆಲ್ಲ ನೆನಪಿಸಿದ ಲೈಬ್ರರಿಯ ಅಕ್ಕನಿಗೂ.

ಇವರಲ್ಲಿ ಇಬ್ಬರು ಅತಿಥಿ ಉಪನ್ಯಾಸಕರು. ಕ್ಲಾಸಿನ ಗಂಟೆಗೆ ಇಷ್ಟು ಅಂತ ದುಡ್ಡು. ರಾತ್ರಿ ಕೂತು ನಮ್ಮ ವರ್ಬೇಟಿಮ್ ಓದಿದ ಗಂಟೆಗೆ ಯಾವ ಲೆಕ್ಕವೂ ಇಲ್ಲ. ಅಳುತ್ತಾ ಬಂದ ಹುಡುಗರನ್ನು ಕೂರಿಸಿಕೊಂಡ ಗಂಟೆಗೂ ಇಲ್ಲ. ಇದು ನನಗೆ ತುಂಬಾ ಚುಚ್ಚುತ್ತದೆ. ಕೌನ್ಸೆಲರುಗಳು ಸಾಲದು ಅಂತ ಎಲ್ಲರೂ ಹೇಳುತ್ತಾರೆ. ಅವರನ್ನು ತಯಾರು ಮಾಡುವವರು ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಕಾಲೇಜು ಅಂತ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಆ ಓಡಾಟದ ನಡುವೆಯೂ ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಲು ಅವರಿಗೆ ಪುರುಸೊತ್ತಿತ್ತು.

ಮೇಡಂ, ಸರ್, ನಿಮ್ಮೆಲ್ಲರಿಗೂ ಮನಸಾರೆ ನಮಸ್ಕಾರ. ಮುಂದಿನ ಸೋಮವಾರ ಬೆಂಗಳೂರಿಗೆ ಬರುತ್ತಿದ್ದೇನೆ. ಅವ್ವ ಜೋಳದ ಖಡಕ್ ರೊಟ್ಟಿ ಬಡಿದಿಟ್ಟಿದ್ದಾಳೆ, ಶೇಂಗಾ ಚಟ್ನಿಪುಡಿ ಕುಟ್ಟಿದ್ದಾಳೆ. ಎಲ್ಲರಿಗೂ ಬೇರೆ ಬೇರೆ ಕಟ್ಟಿ, ಒಂದೊಂದು ಪೊಟ್ಟಣದ ಮೇಲೂ ಯಾರಿಗೆ ಅಂತ ನನ್ನ ಕೈಲಿ ಬರೆಸಿದ್ದಾಳೆ. ಮಧ್ಯಾಹ್ನ ಊಟದ ಹೊತ್ತಿಗೆ ಡಿಪಾರ್ಟ್‌ಮೆಂಟಿನಲ್ಲಿ ಇರಿ.