ಹೊರಗೆ ಕೂತವನನ್ನೂ ಅವತ್ತೇ ಕರೆಸಿ

ಮಾನ್ಯ ಸಂಪಾದಕರೇ,

ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಜಗಳದಲ್ಲಿ ನನ್ನ ಚಿಕ್ಕಪ್ಪನ ಕೈ ಮುರಿಯಿತು. ಎಫ್‌ಐಆರ್‌ನಲ್ಲಿ ಮೂವರ ಹೆಸರಿತ್ತು, ಚಾರ್ಜ್‌ಶೀಟ್ ಬರುವಾಗ ಇಬ್ಬರೇ ಉಳಿದಿದ್ದರು. ಸಾಕ್ಷಿ ಹೇಳಲು ನಿಂತ ಚಿಕ್ಕಮ್ಮ ಕಟಕಟೆಯಲ್ಲೇ ಹೇಳಿದರು: “ಬಡಿಗೆ ಬೀಸಿದವ ಇವರಿಬ್ಬರಲ್ಲ. ಅಂವ ಹೊರಗೆ ಜಗಲಿ ಮೇಲೆ ಕೂತಿದ್ದಾನೆ.” ಟೈಪಿಸ್ಟ್ ಅದನ್ನು ಹಾಗೇ ಬರೆದುಕೊಂಡರು. ಸರ್ಕಾರಿ ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಸಂಜೆ ಆ ಮನುಷ್ಯ ನಾವಿದ್ದ ಬಸ್ಸಿನಲ್ಲೇ ಊರಿಗೆ ಬಂದ. ಚಿಕ್ಕಮ್ಮ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ 319ನೇ ಕಲಂ ಇತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 358. ಸಾಕ್ಷ್ಯದಲ್ಲಿ ಬೇರೆಯವರ ಕೈವಾಡ ಕಂಡರೆ ಅವರನ್ನೂ ಆರೋಪಿಯಾಗಿ ಕರೆಸಬಹುದು. ಕೋರ್ಟಿನಲ್ಲೇ ಇದ್ದರೆ ಅಲ್ಲೇ ತಡೆದು ನಿಲ್ಲಿಸಬಹುದು. ಅರ್ಜಿ ಬರಲೇಬೇಕೆಂದಿಲ್ಲ, ನ್ಯಾಯಾಧೀಶರು ತಾವಾಗಿಯೂ ಮಾಡಬಹುದು. ಪಾಟೀ ಸವಾಲು ಮುಗಿಯುವ ತನಕ ಕಾಯಬೇಕಿಲ್ಲ ಎಂದು 2014ರಲ್ಲೇ ಹರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ.

ಹೆಸರು ಬಂದವರನ್ನೆಲ್ಲ ಎಳೆದು ತನ್ನಿ ಎನ್ನುತ್ತಿಲ್ಲ. ಗಡಿ ಜಗಳವಾದರೆ ಎದುರು ಮನೆಯ ಅಜ್ಜನ ಹೆಸರನ್ನೂ ಸುಮ್ನೆ ಬರೆಸುವವರು ನಮ್ಮ ಕಡೆ ಇದ್ದಾರೆ. ಕೋರ್ಟು ಆರೋಪ ಹೊರಿಸಲು ಬೇಕಾದದ್ದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕು ಎಂದು ಅದೇ ತೀರ್ಪು ಹೇಳಿದ್ದು ಸರಿಯೇ. ಆದರೆ ಕಣ್ಣಾರೆ ಕಂಡವರು ಕೈ ಮಾಡಿ ತೋರಿಸಿದ ಮೇಲೂ ಯಾರೂ ಅಲುಗಾಡದಿದ್ದರೆ ಹೇಗೆ?

ತಡವಾದರೆ ಪೆಟ್ಟು ಬೀಳುವುದು ಸಾಕ್ಷಿಗಳಿಗೆ. ಹೊಸ ಆರೋಪಿಯ ಮಟ್ಟಿಗೆ ವಿಚಾರಣೆ ಮೊದಲಿಂದ ಶುರುವಾಗುತ್ತದೆ, ಎಲ್ಲರನ್ನೂ ಮತ್ತೆ ಕೇಳಬೇಕು. ಇನ್ನೂ ತಡವಾಗಿ ಶಿಕ್ಷೆಯೋ ಖುಲಾಸೆಯೋ ಘೋಷಣೆ ಆಗಿಬಿಟ್ಟರೆ, 2022ರ ಇನ್ನೊಂದು ತೀರ್ಪಿನ ಪ್ರಕಾರ ಈ ಅಧಿಕಾರವೇ ಉಳಿಯುವುದಿಲ್ಲ. ನಮ್ಮ ಕೇಸಿನಲ್ಲಿ ಅರ್ಜಿ ಹಾಕಿದ್ದು ಸಾಕ್ಷಿಗಳೆಲ್ಲ ಮುಗಿದ ಮೇಲೆ. ಅದೂ ನಾವು ಬೆನ್ನು ಹತ್ತಿದ್ದಕ್ಕೆ. ಈಗ ಕೈಗೆ ಪಟ್ಟಿ ಹಾಕಿದ ಡಾಕ್ಟರಿಗೆ ವರ್ಗವಾಗಿದೆ. ಜಗಳ ನೋಡಿದ ಹುಡುಗ ಗೋವಾದಲ್ಲಿ ಬೋಟಿಗೆ ಹೋಗುತ್ತಾನೆ. ಚಿಕ್ಕಮ್ಮನಂತೂ “ಇನ್ನೊಮ್ಮೆ ಅಲ್ಲಿ ನಿಲ್ಲುವುದಿಲ್ಲ” ಎನ್ನುತ್ತಿದ್ದಾರೆ.

ಸಾಕ್ಷಿ ಹೆಸರು ಹೇಳಿದ ದಿನವೇ ಸರ್ಕಾರಿ ವಕೀಲರು ಅರ್ಜಿ ಹಾಕಲಿ. ಚಾರ್ಜ್‌ಶೀಟಿನಿಂದ ಯಾರನ್ನು, ಯಾಕೆ ಕೈಬಿಟ್ಟರು ಎಂದು ಪೊಲೀಸರು ದೂರು ಕೊಟ್ಟವರಿಗೆ ಮೊದಲೇ ತಿಳಿಸಲಿ. ನಮಗದು ಗೊತ್ತಾದದ್ದು ಸಾಕ್ಷಿಗೆ ಸಮನ್ಸ್ ಬಂದಾಗ.

– ಓದುಗ, ಕುಮಟಾ
(ಪ್ರಕರಣ ನಡೆಯುತ್ತಿರುವುದರಿಂದ ದಯವಿಟ್ಟು ಹೆಸರು ಹಾಕಬೇಡಿ)