ಭುಜದ ವ್ಯಾಯಾಮದ ಕುರಿತು ಅಳಿಯನಿಗೆ

ಗಂಗಾವತಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ಭಾಗಶಃ ಹರಿದಿದೆ, ಆಪರೇಷನ್ ಬೇಡ, ವ್ಯಾಯಾಮದಿಂದಲೇ ಸುಧಾರಿಸಿಕೊಳ್ಳಬಹುದು ಎಂದು ಬಳ್ಳಾರಿಯ ಮೂಳೆ ವೈದ್ಯರು ಹೇಳಿದ್ದರೂ ನೀನು ಜಿಮ್ಮಿನಲ್ಲಿ ಹಳೆಯ ಭಾರವನ್ನೇ ಎತ್ತಲು ಹೊರಟಿದ್ದೀಯೆಂದು ಅಕ್ಕ ಫೋನಿನಲ್ಲಿ ಗಾಬರಿಯಿಂದ ಹೇಳಿದಳು. ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು ನಾನು. ಈ ವಿಷಯದಲ್ಲಿ ಸುಮ್ಮನಿರಲಾರೆ.

ರೊಟೇಟರ್ ಕಫ್ ಎಂಬುದು ತೋಳಿನ ಮೂಳೆಯ ಗುಂಡನೆಯ ತಲೆಯನ್ನು ಅದರ ಆಳವಿಲ್ಲದ ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಕಟ್ಟು. ಅವುಗಳಲ್ಲಿ ಮೇಲ್ಭಾಗದ ಸ್ನಾಯು ಸುಪ್ರಾಸ್ಪೈನೇಟಸ್. ನಿನಗೆ ಪೆಟ್ಟಾಗಿರುವ ಅದರ ರಜ್ಜು ಭುಜದ ತುದಿಯ ಎಲುಬಿನಡಿಯ ಇಕ್ಕಟ್ಟಿನಲ್ಲಿ ಹಾದುಬರುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಸುಮಾರು 60 ರಿಂದ 120 ಡಿಗ್ರಿಗಳ ನಡುವೆ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಆದ್ದರಿಂದ ತೂಕದ ಸರಳನ್ನು (ಬಾರ್) ಕತ್ತಿನ ಹಿಂದಿನಿಂದ ಎತ್ತುವುದು, ಗದ್ದದವರೆಗೆ ಎಳೆಯುವುದು, ಎರಡು ಸರಳುಗಳ ನಡುವೆ ಕೈಯೂರಿ ಮೈಯನ್ನು ಇಳಿಸಿ ಏರಿಸುವ ಡಿಪ್ಸ್ ಹೊಡೆಯುವುದು, ಗರಡಿಯ ಗದೆ ತಿರುಗಿಸುವುದು ಸದ್ಯಕ್ಕೆ ಬೇಡವೇ ಬೇಡ.

ಹಾಗೆಂದು ಕೈಕಟ್ಟಿ ಕುಳಿತರೆ ಭುಜ ಬಿಗಿದುಕೊಳ್ಳುತ್ತದೆ. ಕೈಯನ್ನು ನೇರ ಪಕ್ಕಕ್ಕೆ ಎತ್ತುವ ಬದಲು ಸುಮಾರು 30 ಡಿಗ್ರಿ ಮುಂದಕ್ಕೆ ತಂದು, ಹೆಬ್ಬೆರಳು ಮೇಲ್ಮುಖವಾಗಿರುವಂತೆ, ಮೊದಲು ಬರಿಗೈಯಲ್ಲಿ, ಭುಜದ ಮಟ್ಟ ಮೀರದಂತೆ ಎತ್ತು. ಕನ್ನಡಿಯೆದುರು ನಿಂತು ನೋಡಿಕೋ: ಹೆಗಲು ಕಿವಿಯತ್ತ ಏರುತ್ತಿದ್ದರೆ ದುರ್ಬಲ ಸ್ನಾಯುವಿನ ಕೆಲಸವನ್ನು ಕುತ್ತಿಗೆ ಮಾಡುತ್ತಿದೆ ಎಂದರ್ಥ. ರಬ್ಬರ್ ಬ್ಯಾಂಡ್ ಎಳೆಯುವಾಗ ಸುರುಳಿ ಸುತ್ತಿದ ಟವೆಲನ್ನು ಮೊಣಕೈಗೂ ಪಕ್ಕೆಲುಬಿಗೂ ನಡುವೆ ಒತ್ತಿ ಹಿಡಿದು, ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ಮುಂಗೈಯನ್ನು ಮಾತ್ರ ನಿಧಾನವಾಗಿ ಹೊರಕ್ಕೆ ತಿರುಗಿಸು. ಟವೆಲು ಕೆಳಗೆ ಬಿದ್ದರೆ ಮೊಣಕೈ ಮೈಬಿಟ್ಟು ಸರಿದಿದೆ. ಈ ಚಿಕ್ಕ ವ್ಯಾಯಾಮವನ್ನು ಜಿಮ್ಮಿನ ಹುಡುಗರು ಹಗುರವಾಗಿ ಕಾಣುತ್ತಾರೆ, ನೀನು ಕಾಣಬೇಡ.

ಬೆಂಚಿನ ಮೇಲೆ ಮಲಗಿ ಎತ್ತುವ ಅಭ್ಯಾಸವನ್ನು ನೆಲದ ಮೇಲಕ್ಕೆ ಬದಲಾಯಿಸು, ಅದೂ ವೈದ್ಯರು ಭಾರಕ್ಕೆ ಒಪ್ಪಿದ ಮೇಲೆ. ನೆಲವೇ ಅಡ್ಡವಾಗಿರುವುದರಿಂದ ಮೊಣಕೈ ಬೆನ್ನಿಗಿಂತ ಹಿಂದಕ್ಕೆ ಇಳಿಯುವುದಿಲ್ಲ, ಭುಜದ ಮುಂಭಾಗ ಅತಿಯಾಗಿ ಎಳೆಯಲ್ಪಡುವುದಿಲ್ಲ. ಪುಷ್‌ಅಪ್ಪನ್ನು ಗೋಡೆಯಿಂದ ಆರಂಭಿಸಿ, ತಿಂಗಳು ಕಳೆದ ಮೇಲೆ ಅಡುಗೆಮನೆಯ ಕಟ್ಟೆಯ ಮಟ್ಟಕ್ಕೆ ಇಳಿಸಬಹುದು. ಹೆಗಲ ಮೇಲೆ ಬಾರ್ ಇಟ್ಟು ಬಸ್ಕಿ ಹೊಡೆಯುವಾಗಲೂ ಭುಜ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಡಂಬೆಲ್ಲನ್ನು ಎದೆಗವಚಿಕೊಂಡು ಹೊಡೆ.

ಎಷ್ಟು ಮಾಡಬೇಕೆಂಬುದನ್ನು ಮರುದಿನದ ಬೆಳಗ್ಗೆಯನ್ನು ನೋಡಿ ನಿರ್ಧರಿಸು. ವ್ಯಾಯಾಮದ ವೇಳೆ ಅಲ್ಪಸ್ವಲ್ಪ ನೋವಾಗಿ ಅಂದೇ ಇಳಿದರೆ ಚಿಂತೆಯಿಲ್ಲ. ರಾತ್ರಿ ನಿದ್ದೆಗೆಡಿಸಿದರೆ ಅಥವಾ ಬೆಳಗ್ಗೆಯೂ ಉಳಿದರೆ ಭಾರವನ್ನೋ ಸುತ್ತುಗಳನ್ನೋ ಕಡಿಮೆ ಮಾಡು. ನೋವಿನ ಮಾತ್ರೆ ನುಂಗಿ ಜಿಮ್ಮಿಗೆ ಹೋದರೆ ಈ ಸೂಚನೆಯೇ ನಿನಗೆ ಸಿಗದಂತಾಗುತ್ತದೆ. ಸ್ನಾಯುರಜ್ಜಿಗೆ ರಕ್ತದ ಪೂರೈಕೆ ಕಡಿಮೆಯಿರುವುದರಿಂದ ಅದು ವಾರಗಳಲ್ಲಲ್ಲ, ತಿಂಗಳುಗಳಲ್ಲಿ ಬಲಗೊಳ್ಳುತ್ತದೆ. ಕೈ ಇದ್ದಕ್ಕಿದ್ದಂತೆ ಮೇಲೇಳದಾದರೆ ಮಾತ್ರ ಕಾಯದೆ ವೈದ್ಯರ ಬಳಿ ಹೋಗು. ಮಲಗುವಾಗ ಆ ಮಗ್ಗುಲು ಬಿಟ್ಟು, ತೋಳಿನಡಿ ದಿಂಬಿಟ್ಟುಕೋ.

ಮೈ ಬೆವರದೆ ಸಮಾಧಾನವಿಲ್ಲವೆಂದರೆ ರಜೆಯಲ್ಲಿ ಇಲ್ಲಿಗೆ ಬಾ, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಹತ್ತೋಣ. ಹೋಗುವಾಗ ಅಕ್ಕನಿಗೆಂದು ಒಯ್ಯುತ್ತಿದ್ದ ಸೋನಾಮಸೂರಿ ಚೀಲವನ್ನು ಈ ಸಲ ಲಾರಿಗೇ ಹಾಕಿಸುತ್ತೇನೆ, ನೀನು ಹೊರುವುದು ಬೇಡ.

ಇತಿ ನಿನ್ನ ಮಾವ